ಪೋರ್ಟ್ ಲೂಯಿಸ್‌ನಲ್ಲಿ ಒಂದು ದಿನ ಕಾಲ್ನಡಿಗೆ: ಘಾಟ್ ಮೆಟ್ಟಿಲಿಂದ ಮಲಾರ್ತಿಕ್ ಸಮಾಧಿವರೆಗೆ

ಮಾರಿಷಸ್‌ಗೆ ಹೋಗಿ ಬಂದವ್ರನ್ನ ಪೋರ್ಟ್ ಲೂಯಿಸ್ ನೋಡಿದ್ರಾ ಅಂತ ಕೇಳಿ ನೋಡಿ, ಹತ್ರಲ್ಲಿ ಎಂಟು ಜನ ಹೂಂ ವಾಟರ್‌ಫ್ರಂಟ್‌ನಲ್ಲಿ ಶಾಪಿಂಗ್ ಮಾಡಿದ್ವಿ ಅಂತಾರೆ, ಅಷ್ಟೇ. ಬೀಚು, ಬೋಟು, ಪ್ಯಾಕೇಜ್ ಟೂರಿನ ಮಧ್ಯ ರಾಜಧಾನಿಗೆ ಎರಡು ಗಂಟೆ ಸಿಕ್ಕಿರತ್ತೆ, ಅದೂ ಮಾಲ್‌ನಲ್ಲೇ ಮುಗಿದುಹೋಗಿರತ್ತೆ. ನನಗೆ ಇದು ನಿಜವಾಗ್ಲೂ ಬೇಜಾರಾಗೋ ವಿಷಯ, ಯಾಕಂದ್ರೆ ಈ ಊರಲ್ಲಿ ಒಂದಿಡೀ ದಿನ ಕಾಲಲ್ಲಿ ತಿರುಗಿದ್ರೆ ಆ ದೇಶ ಹೆಂಗೆ ಆಯ್ತು ಅನ್ನೋದು ಕಣ್ಣೆದುರೇ ಕಾಣತ್ತೆ. ಕೊನೇಲಿ ಒಂದು ಕಲ್ಲಿನ ಸ್ತಂಭದ ಹತ್ರ ನಮ್ಮ ಶ್ರೀರಂಗಪಟ್ಟಣದ ಕಥೇನೂ ಸಿಗತ್ತೆ. ಅಮ್ಮನ್ನ ಕರ್ಕೊಂಡು ಹೋಗಿದ್ದಾಗ ನಾನು ನಡೆದ ದಾರಿ ಇದು, ಆಮೇಲೆ ಸ್ವಲ್ಪ ತಿದ್ದಿದೀನಿ. ಗೈಡ್ ಇಟ್ಕೊಂಡ್ರೂ ಸರಿ, ನೀವೇ ಹೋದ್ರೂ ಸರಿ, ಜಾಗ ನೋಡೋ ಕ್ರಮ ಮಾತ್ರ ಇದೇ ಇರ್ಲಿ ಅನ್ನೋದು ನನ್ನ ಒತ್ತಾಯ.

ಹೊರಡೋ ಮುಂಚೆ

ದಿನ ಆರಿಸ್ಕೊಳ್ಳೋದು ಮೊದಲ ಕೆಲಸ. ಭಾನುವಾರ ಬೇಡವೇ ಬೇಡ, ಊರು ಖಾಲಿ, ಮ್ಯೂಸಿಯಂಗಳೂ ಮುಚ್ಚಿರ್ತವೆ. ಶನಿವಾರ ಅರ್ಧ ದಿನಕ್ಕೇ ಎಷ್ಟೋ ಜಾಗ ಬಾಗಿಲು ಹಾಕ್ತವೆ. ಶುಕ್ರವಾರ ಮಧ್ಯಾಹ್ನ ಮಸೀದಿ ನೋಡಕ್ಕಾಗಲ್ಲ. ಹಾಗಾಗಿ ಸೋಮವಾರದಿಂದ ಗುರುವಾರದೊಳಗೆ ಒಂದು ದಿನ ಇಟ್ಕೊಳ್ಳಿ. ತಿಂಗಳಂದ್ರೆ ಮೇಯಿಂದ ಅಕ್ಟೋಬರ್ ಚೆನ್ನಾಗಿರತ್ತೆ, ಜನವರಿಯಿಂದ ಮಾರ್ಚ್‌ವರೆಗೆ ಸೆಕೆ, ಮಳೆ, ಸೈಕ್ಲೋನ್ ಕಾಟ. ಊರಿನ ಸುತ್ತ ಬೆಟ್ಟ ನಿಂತಿರೋದ್ರಿಂದ ಗಾಳಿ ಆಡಲ್ಲ, ಬೀಚ್ ಹತ್ರ ತಂಪಾಗಿದ್ರೂ ಇಲ್ಲಿ ಬೆವರು ಸುರಿಯತ್ತೆ, ಅದಕ್ಕೇ ಬೆಳಗ್ಗೆ 9ಕ್ಕೆ ಶುರು ಮಾಡ್ಬೇಕು. ಇನ್ನೊಂದು ಮುಖ್ಯವಾದ್ದು, ಈ ಊರು ಸಂಜೆ 5ರ ಹೊತ್ತಿಗೆ ಖಾಲಿ ಆಗಕ್ಕೆ ಶುರುವಾಗತ್ತೆ, ಆಫೀಸ್ ಬಿಟ್ಟು ಎಲ್ಲರೂ ಬಸ್ಸು ಹತ್ತಿ ಹೊರಟುಬಿಡ್ತಾರೆ. ಕತ್ತಲಾದ ಮೇಲೆ ಒಳಗಿನ ಬೀದಿಗಳಲ್ಲಿ ಸುತ್ತೋದು ಬೇಡ.

ಕಾರಲ್ಲಿ ಬರ್ಬೇಡಿ, ಟ್ರಾಫಿಕ್ಕು, ಪಾರ್ಕಿಂಗು ಎರಡೂ ತಲೆನೋವು. ಕ್ಯುರ್‌ಪೀಪ್, ರೋಸ್ ಹಿಲ್ ಕಡೆ ಉಳ್ಕೊಂಡಿದ್ರೆ ಮೆಟ್ರೋ ಹತ್ತಿ ವಿಕ್ಟೋರಿಯಾ ಸ್ಟೇಷನ್‌ನಲ್ಲಿ ಇಳೀರಿ. ಈ ಮೆಟ್ರೋ ಭಾರತದ ನೆರವಿನಲ್ಲಿ ನಮ್ಮ ಎಲ್ ಅಂಡ್ ಟಿ ಕಟ್ಟಿದ್ದು, ರೋಸ್ ಹಿಲ್‌ವರೆಗಿನ ಮೊದಲ ಭಾಗ 2020ರ ಜನವರಿಯಿಂದ ಓಡ್ತಿದೆ. ಉತ್ತರದ ಬೀಚ್‌ಗಳ ಕಡೆಯಿಂದ ಬಂದ್ರೆ ಬಸ್ಸು ಇಮಿಗ್ರೇಷನ್ ಸ್ಕ್ವೇರ್‌ಗೆ ಬರತ್ತೆ, ಅಲ್ಲಿಂದ ನಮ್ಮ ಮೊದಲ ಜಾಗಕ್ಕೆ ಎರಡು ಹೆಜ್ಜೆ.

ಕೈಯಲ್ಲಿ ಚಿಲ್ಲರೆ ನೋಟು ಇರ್ಲಿ, ಮಾರ್ಕೆಟ್‌ನಲ್ಲಿ ಕಾರ್ಡ್ ನಡೆಯಲ್ಲ ಅಂತಾನೇ ಇಟ್ಕೊಳ್ಳಿ. ಅಲ್ಲೂ ರೂಪಾಯಿನೇ, ಅವರ ಒಂದು ರೂಪಾಯಿ ಅಂದ್ರೆ ನಮ್ಮ ಎರಡು ರೂಪಾಯಿಗಿಂತ ಸ್ವಲ್ಪ ಕಮ್ಮಿ. ನೋಟನ್ನ ಹಾಗೇ ಜೇಬಿಗೆ ಹಾಕ್ಬೇಡಿ, ಒಂದ್ಸಲ ತಿರುಗಿಸಿ ನೋಡಿ, ಇಂಗ್ಲಿಷ್ ಜೊತೆ ತಮಿಳು ಲಿಪಿ, ದೇವನಾಗರಿ ಎರಡೂ ಇರ್ತವೆ. 1998ರಲ್ಲಿ ಹೊಸ ನೋಟು ಬಂದಾಗ ಹಿಂದಿಯನ್ನ ತಮಿಳಿನ ಮೇಲೆ ಹಾಕಿದ್ರು ಅಂತ ತಮಿಳರು ಸಿಟ್ಟಾಗಿ, ಸರ್ಕಾರ ಆ ನೋಟುಗಳನ್ನೇ ವಾಪಸ್ ತಗೋಬೇಕಾಯ್ತು. ಭಾಷೆ ಅಂದ್ರೆ ಅಲ್ಲಿ ಎಷ್ಟು ಒಳಗಿಂದ ಬರೋ ವಿಷಯ ಅನ್ನೋದು ಇದೊಂದರಲ್ಲೇ ಗೊತ್ತಾಗತ್ತೆ.

ಬೀದಿಲಿ ಆಡೋ ಭಾಷೆ ಕ್ರಿಯೋಲ್, ಫ್ರೆಂಚ್‌ನಿಂದ ಹುಟ್ಟಿದ ಆಡುಮಾತು. ಬೋಂಜೂರ್ ಅಂದ್ರೆ ನಮಸ್ಕಾರ, ಮೆರ್ಸಿ ಅಂದ್ರೆ ಥ್ಯಾಂಕ್ಸ್, ಕೊಮ್ಯೆ ಸಾ ಅಂದ್ರೆ ಇದೆಷ್ಟು, ಸಾನ್ ಪಿಮಾ ಅಂದ್ರೆ ಮೆಣಸಿನಕಾಯಿ ಬೇಡ, ಇಷ್ಟು ಬಂದ್ರೆ ದಿನ ಸಾಗತ್ತೆ. ಅಂಗಡಿಯ ದೊಡ್ಡೋರನ್ನ ತೊಂತೊಂ, ತಾಂತಿನ್ ಅಂತ ಕರೀತಾರೆ, ನಮ್ಮಲ್ಲಿ ಮಾಮ, ಅತ್ತೆ ಅನ್ನೋ ಹಾಗೆ.

ಗೈಡ್ ಬೇಕಾ?

ನನ್ನ ಪ್ರಕಾರ ಬೆಳಗಿನ ಅರ್ಧಕ್ಕೆ ಬೇಕು. ಸುಮ್ನೆ ಬುಕ್ ಮಾಡ್ಬೇಡಿ ಮಾತ್ರ. ನಾನು ಮೊದಲ ಸಲ ಸೇರಿದ್ದ ಒಂದು ಗುಂಪು ಟೂರಲ್ಲಿ ಆಪ್ರವಾಸಿ ಘಾಟ್ ಅನ್ನ, ಅಂದ್ರೆ ಭಾರತದಿಂದ ಬಂದ ಕೂಲಿಗಳು ಇಳಿದ ಜಾಗನ, ಬಸ್ಸಿನ ಕಿಟಕಿಯಿಂದ ತೋರಿಸಿ ನೇರ ಗಿಫ್ಟ್ ಅಂಗಡಿಗೆ ಕರ್ಕೊಂಡು ಹೋಗಿಬಿಟ್ರು, ಆವತ್ತಿನ ಬೇಜಾರು ಇವತ್ತಿಗೂ ಹೋಗಿಲ್ಲ. ಅದಕ್ಕೇ ಮೊದಲೇ ಕೇಳ್ಕೊಳ್ಳಿ: ಗೈಡ್‌ಗೆ ಲೈಸೆನ್ಸ್ ಇದ್ಯಾ, ಗುಂಪಲ್ಲಿ ಎಷ್ಟು ಜನ, ಘಾಟ್ ಒಳಗೆ ಎಷ್ಟು ಹೊತ್ತು ಇರ್ತೀವಿ, ತಿಂಡಿ ದುಡ್ಡು ಸೇರಿದ್ಯಾ ಬೇರೆನಾ, ಸಸ್ಯಾಹಾರ ಸಿಗತ್ತಾ. ಹತ್ತು ಜನಕ್ಕಿಂತ ಜಾಸ್ತಿ ಇದ್ರೆ ಬಿಟ್ಟುಬಿಡಿ, ಆ ಕಿರಿದಾದ ಫುಟ್‌ಪಾತ್ ಮೇಲೆ ಹಿಂದಿದ್ದವ್ರಿಗೆ ಏನೂ ಕೇಳ್ಸಲ್ಲ. ಗೈಡ್ ಸಿಕ್ಕಿದ್ಮೇಲೆ ಅವರ ಮನೆತನದ ಕಥೆ ಕೇಳಿ. ಯಾವ ಹಡಗು, ಯಾವ ಊರು ಅಂತ ಎಷ್ಟೋ ಜನ ಹುಡುಕಿ ಇಟ್ಕೊಂಡಿರ್ತಾರೆ, ಯಾವ ಬೋರ್ಡಲ್ಲೂ ಬರೆದಿರದ ವಿಷಯ ಅದು.

ಹೆಜ್ಜೆ 1: ಆಪ್ರವಾಸಿ ಘಾಟ್

ಇಲ್ಲಿಂದಲೇ ಶುರು ಮಾಡಿ, ಬೇರೆಲ್ಲೂ ಬೇಡ. 9ಕ್ಕೆ ಬಾಗಿಲು ತೆಗೆಯೋ ಹೊತ್ತಿಗೆ ಹೋದ್ರೆ ಜನ ಇರಲ್ಲ, ಟಿಕೆಟ್ಟೂ ಇಲ್ಲ.

ಹಿನ್ನೆಲೆ ಇಷ್ಟು. ಬ್ರಿಟಿಷರು 1810ರಲ್ಲಿ ಈ ದ್ವೀಪವನ್ನ ಫ್ರೆಂಚರ ಕೈಯಿಂದ ಕಿತ್ಕೊಂಡ್ರು. 1835ರ ಫೆಬ್ರವರಿ 1ಕ್ಕೆ ಇಲ್ಲಿ ಗುಲಾಮಗಿರಿ ರದ್ದಾಯ್ತು, ಕಬ್ಬಿನ ತೋಟಕ್ಕೆ ಆಳು ಬೇಕಲ್ಲ, ಅದಕ್ಕೆ ರದ್ದಾಗೋ ಮುಂಚೆನೇ ಭಾರತದಿಂದ ಕರಾರು ಬರೆಸ್ಕೊಂಡು ಕೂಲಿಗಳನ್ನ ತರೋ ಪ್ರಯೋಗ ಮಾಡಿದ್ರು. 1834ರ ನವೆಂಬರ್ 2ಕ್ಕೆ ಅಟ್ಲಾಸ್ ಅನ್ನೋ ಹಡಗಲ್ಲಿ ಕಲ್ಕತ್ತಾದಿಂದ 36 ಜನ ಬಂದಿಳಿದ್ರು. ಆಮೇಲೆ ಕಲ್ಕತ್ತಾ, ಮದ್ರಾಸ್, ಬಾಂಬೆ ಮೂರೂ ಬಂದರಿಂದ ಜನ ಬರ್ತಾನೇ ಹೋದ್ರು, ಒಟ್ಟು ಹೆಚ್ಚುಕಡಿಮೆ ನಾಲ್ಕೂವರೆ ಲಕ್ಷ. ಆ ಜನರನ್ನ ಇಳಿಸ್ಕೊಳ್ಳಕ್ಕೆ ಅಂತ 1849ರಲ್ಲಿ ಕಟ್ಟಕ್ಕೆ ಶುರು ಮಾಡಿದ್ದು ಈ ಡಿಪೋ. ಆಗ ಇದಕ್ಕೆ ಕೂಲಿ ಘಾಟ್ ಅಂತಿದ್ರು, ಆಪ್ರವಾಸಿ ಅನ್ನೋ ಹೆಸರು ಬಂದಿದ್ದು 1987ರಲ್ಲಿ. 2006ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರ್ತು.

ಮೊದಲು ಒಳಗಿನ ಮಾಹಿತಿ ಕೇಂದ್ರ ನೋಡಿ, ಆಮೇಲೆ ಹೊರಗೆ ಬನ್ನಿ. ಉಲ್ಟಾ ಮಾಡಿದ್ರೆ ಬರೀ ಮುರಿದ ಗೋಡೆ ಕಾಣತ್ತೆ. ಕೇಂದ್ರದಲ್ಲಿ ಕೂಲಿಗಳ ಫೋಟೋ, ನಂಬರು, ಕಾಗದ ಇವೆ. ಪ್ರತಿಯೊಬ್ರಿಗೂ ಒಂದು ನಂಬರು ಕೊಟ್ಟು ಅದರ ಜೊತೆ ಹೆಸರು, ಅಪ್ಪನ ಹೆಸರು, ಜಾತಿ, ಊರು ಬರ್ಕೊಂಡಿದಾರೆ, ಬರ್ಕೊಂಡ ಗುಮಾಸ್ತನ ಕಿವಿಗೆ ಹೆಂಗೆ ಕೇಳಿಸ್ತೋ ಹಂಗೆ. ಇವತ್ತು ಮಾರಿಷಸ್‌ನಲ್ಲಿ ಕಾಣೋ ವಿಚಿತ್ರ ಸ್ಪೆಲ್ಲಿಂಗಿನ ಭಾರತೀಯ ಹೆಸರುಗಳು ಶುರುವಾಗಿದ್ದು ಇಂಥ ಮೇಜುಗಳ ಮೇಲೆ. ಆ ದಾಖಲೆಗಳು ಮೋಕಾದಲ್ಲಿರೋ ಮಹಾತ್ಮ ಗಾಂಧಿ ಇನ್ಸ್ಟಿಟ್ಯೂಟ್‌ನಲ್ಲಿವೆ, ಜನ ಈಗ್ಲೂ ಹೋಗಿ ಮುತ್ತಜ್ಜನ ಊರು ಹುಡುಕ್ತಾರೆ.

ಹೊರಗೆ ಬಂದ್ರೆ ಅಡುಗೆಮನೆಯ ಜಾಗ, ಕೂಲಿಗಳ ಮೇಲ್ವಿಚಾರಕ ಸರ್ದಾರನ ಕೋಣೆ, ಶೌಚದ ಸಾಲು, ಆಸ್ಪತ್ರೆ ಬಾಗಿಲು, ಎಲ್ಲ ಕಪ್ಪು ಅಗ್ನಿಶಿಲೆ. ಹೆದ್ದಾರಿ ಮಾಡೋವಾಗ ಡಿಪೋದ ಬಹುಭಾಗ ಹೋಯ್ತು, ಉಳಿದಿದ್ದು ಸ್ವಲ್ಪ. ಎಡಬಿಡದೆ ಗಾಡಿ ಸದ್ದು ಬರ್ತಿರತ್ತೆ. ಆದ್ರೆ ಆ 16 ಮೆಟ್ಟಿಲು ಉಳ್ಕೊಂಡಿವೆ. ದೋಣಿಯಿಂದ ಇಳಿದು ಹತ್ತಿದ ಮೆಟ್ಟಿಲು. ದೊಡ್ಡದೇನಲ್ಲ, ನಮ್ಮೂರ ಕೆರೆ ಏರಿ ಮೆಟ್ಟಿಲಿನಷ್ಟೇ, ಅಂಚು ಸವೆದು ಗುಂಡಗಾಗಿದೆ. ಅಮ್ಮ ಅಲ್ಲಿ ಚಪ್ಪಲಿ ಬಿಟ್ಟು ನಿಂತ್ರು, ಯಾರೂ ಹೇಳಿರ್ಲಿಲ್ಲ. ಒಂದು ಗಂಟೆಯಾದ್ರೂ ಇಲ್ಲಿ ಇರಿ.

ಹೆಜ್ಜೆ 2: ಪಕ್ಕದ ಹಳೇ ಮಿಲಿಟರಿ ಆಸ್ಪತ್ರೆ

ಘಾಟ್‌ನಿಂದ ಕೂಗಳತೆ ದೂರದಲ್ಲಿ ಫ್ರೆಂಚರ ಕಾಲದ ಆಸ್ಪತ್ರೆ ಕಟ್ಟಡ ಇದೆ, ಈಗ ಗುಲಾಮಗಿರಿಯ ಮ್ಯೂಸಿಯಂ. ಭಾರತದಿಂದ ಬಂದವ್ರು ಇದನ್ನ ಬಿಟ್ಟು ಮುಂದೆ ಹೋಗ್ತಾರೆ, ದಯವಿಟ್ಟು ಹಂಗೆ ಮಾಡ್ಬೇಡಿ. ನಮ್ಮವರು ಬರೋ ಮೊದಲು ಈ ಊರನ್ನ ಕಟ್ಟಿದ್ದು ಮಡಗಾಸ್ಕರ್, ಮೊಜಾಂಬಿಕ್ ಕಡೆಯಿಂದ ಹಿಡಿದು ತಂದ ಜನ, ಅವರಲ್ಲಿ ಭಾರತದಿಂದ ತಂದ ಗುಲಾಮರೂ ಇದ್ರು. ಗುಲಾಮಗಿರಿ ಹೋದಾಗ ಬ್ರಿಟಿಷ್ ಸರ್ಕಾರ ಪರಿಹಾರ ಕೊಟ್ಟಿದ್ದು ಯಜಮಾನರಿಗೆ, ದುಡಿದವ್ರಿಗೆ ಒಂದು ಕಾಸೂ ಇಲ್ಲ. ಆ ಯಜಮಾನರ ತೋಟಗಳಿಗೇ ನಮ್ಮ ಕೂಲಿಗಳು ಹೋಗಿದ್ದು. ಎರಡೂ ಜಾಗ ಒಂದರ ಹಿಂದೊಂದು ನೋಡಿದ್ರೇನೇ ಕಥೆ ಪೂರ್ತಿ ಆಗೋದು.

ಹೆಜ್ಜೆ 3: ಮಾರ್ಕೆಟ್, ಹೊಟ್ಟೆ ಖಾಲಿ ಇಟ್ಕೊಂಡು

ಹತ್ತೂವರೆ ಹೊತ್ತಿಗೆ ಹೆದ್ದಾರಿ ದಾಟಿ ಸೆಂಟ್ರಲ್ ಮಾರ್ಕೆಟ್‌ಗೆ ಬನ್ನಿ. ಕಬ್ಬಿಣದ ಗೇಟಿನ ಮೇಲೆ ವಿಕ್ಟೋರಿಯಾ ರಾಣಿಯ ಅಕ್ಷರ ಕಾಣತ್ತೆ. ಬಟ್ಟೆ, ಗಿಫ್ಟು ಎಲ್ಲ ಆಮೇಲೆ, ಮೊದಲು ತರಕಾರಿ ಹಾಲ್‌ಗೆ ನುಗ್ಗಿ.

ನಮ್ಮ ಟ್ರಿಪ್ಪಲ್ಲಿ ಅಮ್ಮ ಅತಿ ಹೆಚ್ಚು ಹೊತ್ತು ನಿಂತಿದ್ದು ಇಲ್ಲೇ. ಒಬ್ಬ ವಯಸ್ಸಾದ ಹೆಂಗಸು ಕೊತ್ತಂಬರಿ ಕಟ್ಟು ಎತ್ತಿ ನೀರು ಕೊಡವಿ ಕೊತೊಮಿಲಿ ಕೊತೊಮಿಲಿ ಅಂತ ಕೂಗ್ತಿದ್ರು. ಅಮ್ಮ ಕಟ್ಟು ಇಸ್ಕೊಂಡು ಮೂಸಿ ನೋಡಿ, ಕೊತ್ತಂಬರಿ ಅಂದ್ರು. ಆಕೆ ತಲೆ ಆಡಿಸಿ ಪಕ್ಕದ ಕರಿಬೇವು ತೋರ್ಸಿ ಕಾರಿಪುಲೆ ಅಂದ್ರು. ಆಮೇಲೆ ಇಬ್ರೂ ಒಂದೊಂದೇ ಮುಟ್ಟಿ ಹೆಸರು ಹೇಳ್ತಾ ಹೋದ್ರು, ನುಗ್ಗೆ ಸೊಪ್ಪಿಗೆ ಬ್ರೆದ್ ಮುರುಂ, ಹೀರೇಕಾಯಿಗೆ ಪಿಪಂಗಾಯ್, ಪಡವಲಕಾಯಿಗೆ ಪಾತೋಲ್. ಕೊತ್ತುಮಲ್ಲಿ, ಮುರುಂಗೈ, ಪೀರ್ಕಂಗಾಯ್ ಅಂತ ತಮಿಳಲ್ಲಿ ಹೇಳಿ ನೋಡಿ, ಮಾತು ಯಾವ ದಾರೀಲಿ ಬಂತು ಅಂತ ತಿಳಿಯತ್ತೆ. ಕೂಲಿಗಳಿಗಿಂತ ಮುಂಚೆನೇ, ಫ್ರೆಂಚರ ಕಾಲದಲ್ಲೇ ಪಾಂಡಿಚೇರಿ ಕಡೆಯಿಂದ ಕಲ್ಲುಕುಟಿಗರು, ಬಡಗಿಗಳು ಈ ಊರು ಕಟ್ಟಕ್ಕೆ ಬಂದಿದ್ರು.

ತಿನ್ನೋದು ಹಿಂಗೆ. ಮೊದಲು ಗಾತೋ ಪಿಮಾ, ನಮ್ಮ ಅಂಬೊಡೆಯ ಚಿಕ್ಕ ತಂಗಿ, ಬೇಳೆ ರುಬ್ಬಿ ಹಸಿಮೆಣಸಿನಕಾಯಿ ಹಾಕಿ ಕರಿದಿದ್ದು, ಬಿಸಿ ಇದ್ರೆ ಮಾತ್ರ ತಗೊಳ್ಳಿ. ಆಮೇಲೆ ಧೋಲ್ ಪೂರಿ. ಇದು ಬೆಲ್ಲ ಇಲ್ಲದ ಬೇಳೆ ಹೋಳಿಗೆ ಅಂದ್ಕೊಳ್ಳಿ, ಆದ್ರೆ ಮೆತ್ತಗೆ, ತೆಳ್ಳಗೆ, ಒಳಗೆ ಹಳದಿ ಬೇಳೆ ಪುಡಿಪುಡಿಯಾಗಿರತ್ತೆ. ಎರಡೆರಡು ಸೇರಿಸಿ ಕೊಡ್ತಾರೆ, ಮೇಲೆ ದೊಡ್ಡ ಅವರೆಯಂಥ ಕಾಳಿನ ಪಲ್ಯ, ಟೊಮೆಟೊ ಗೊಜ್ಜಿನ ಥರದ ರೂಗಾಯ್, ಉಪ್ಪಿನಕಾಯಿ, ಚಟ್ನಿ ಹಾಕಿ ಕಾಗದದಲ್ಲಿ ಸುತ್ತಿ ಕೈಗೆ. ನಿಂತ್ಕೊಂಡೇ ತಿನ್ಬೇಕು, ಕೈಗೆಲ್ಲ ಸುರಿಯತ್ತೆ, ಪರವಾಗಿಲ್ಲ. ಕ್ಯೂ ಎಲ್ಲಿ ಉದ್ದ ಇದೆಯೋ ಆ ಗಾಡಿಗೇ ಹೋಗಿ. ಸಸ್ಯಾಹಾರಿಗಳಿಗೆ ಇದಕ್ಕಿಂತ ಒಳ್ಳೇ ಊಟ ಊರಲ್ಲಿ ಸಿಗಲ್ಲ, ಬೇರೆ ಯಾವುದಾದ್ರೂ ಪಲ್ಯ ಸುರೀತಿದ್ರೆ ಮಾಂಸ ಇದ್ಯಾ ಕೇಳ್ಕೊಳ್ಳಿ ಅಷ್ಟೇ. ಕೊನೇಲಿ ಆಲೂದಾ, ಹಾಲು, ಜೆಲ್ಲಿ, ಕಾಮಕಸ್ತೂರಿ ಬೀಜ, ಫಲೂದಾನೇ ಸಮುದ್ರ ದಾಟಿ ಬಂದು ಮೊದಲಕ್ಷರ ಬಿಟ್ಕೊಂಡಿದೆ.

ಹೆಜ್ಜೆ 4: ರಾಯಲ್ ಸ್ಟ್ರೀಟ್, ಮಸೀದಿ, ಚೈನಾಟೌನ್

ಮಾರ್ಕೆಟ್‌ನಿಂದ ಒಳಗಡೆ ನಡೆದ್ರೆ ರಾಯಲ್ ಸ್ಟ್ರೀಟ್ ಸಿಗತ್ತೆ. ಜುಮ್ಮಾ ಮಸೀದಿ ಇಲ್ಲೇ, 1850ರ ದಶಕದಲ್ಲಿ ಶುರುವಾಗಿ ಆಮೇಲೆ ಹಂತಹಂತವಾಗಿ ಬೆಳೆದಿದ್ದು, ದುಡ್ಡು ಹಾಕಿದ್ದು ಗುಜರಾತ್ ಕಡೆಯ ಮುಸ್ಲಿಂ ವ್ಯಾಪಾರಿಗಳು. ಬಿಳಿ ಕೆತ್ತನೆಯ ಒಳಗೆ ಅಂಗಳದಲ್ಲಿ ಒಂದು ಹಳೇ ಬಾದಾಮಿ ಮರ ಇದೆ, ಅದನ್ನ ಕಡಿಯದೇ ಸುತ್ತ ಕಟ್ಟಿದಾರೆ. ನಮಾಜಿನ ಹೊತ್ತು ಬಿಟ್ಟು ಹೋಗಿ, ಬಾಗಿಲಲ್ಲಿ ಕೇಳಿ ಒಳಗೆ ಹೆಜ್ಜೆ ಇಡಿ, ಭುಜ, ಮೊಣಕಾಲು ಮುಚ್ಚೋ ಬಟ್ಟೆ ಇರ್ಲಿ.

ಅಲ್ಲಿಂದ ಕಮಾನು ದಾಟಿದ್ರೆ ಚೈನಾಟೌನ್. ಗೋಡೆ ಚಿತ್ರಗಳು ಚೆನ್ನಾಗಿವೆ, ಆದ್ರೆ ನನಗಿಷ್ಟ ಆಗಿದ್ದು ಹಳೇ ಮರದ ಬಾಗಿಲಿನ ದಿನಸಿ ಅಂಗಡಿಗಳು. ನೂಡಲ್ಸ್, ಬುಲೆತ್ ಅನ್ನೋ ಉಂಡೆ ಸೂಪ್ ತಿನ್ನೋರು ಇಲ್ಲಿ ಮಧ್ಯಾಹ್ನದ ಊಟ ಮುಗಿಸ್ಬಹುದು. ಅರ್ಧ ಗಂಟೆ ಸಾಕು.

ಹೆಜ್ಜೆ 5: ಪ್ಲಾಸ್ ದಾರ್ಮ್, ಕಂಪನಿ ತೋಟ, ಡೋಡೊ

ವಾಪಸ್ ಸಮುದ್ರದ ಕಡೆ ಬಂದ್ರೆ ಎತ್ತರದ ತಾಳೆ ಮರಗಳ ಸಾಲು, ಇದೇ ಪ್ಲಾಸ್ ದಾರ್ಮ್, ಅದರ ತುದೀಲಿ ಸಮುದ್ರ ನೋಡ್ತಾ ನಿಂತಿರೋ ಪ್ರತಿಮೆ ಮಾಹೆ ದ ಲಾಬೂರ್ದೊನೆದು. 1735ರಲ್ಲಿ ಗವರ್ನರಾಗಿ ಬಂದು ಈ ಬಂದರು ಊರನ್ನ ಕಟ್ಟಿದವ್ರು. ಇಲ್ಲಿಂದಲೇ ಹಡಗು ಸಜ್ಜು ಮಾಡ್ಕೊಂಡು ಹೋಗಿ 1746ರಲ್ಲಿ ಮದ್ರಾಸ್ ಹಿಡಿದಿದ್ದೂ ಇವರೇ. ಸಾಲಿನ ಇನ್ನೊಂದು ತುದೀಲಿ ಗವರ್ನ್‌ಮೆಂಟ್ ಹೌಸ್, ಎದುರು ವಿಕ್ಟೋರಿಯಾ ಪ್ರತಿಮೆ. ಹೊರಗಿಂದ ನೋಡಿ ಮುಂದೆ ನಡೀರಿ.

ಹತ್ರಾನೇ ಕಂಪನಿ ತೋಟ. ದೊಡ್ಡ ಆಲದ ಮರಗಳು, ಬಿಳಲು ಇಳಿಬಿಟ್ಕೊಂಡು ನಿಂತಿವೆ, ಕೆಳಗೆ ಕಲ್ಲು ಬೆಂಚು. ಈ ಹೊತ್ತಿಗೆ ಕಾಲು ನೋಯ್ತಿರತ್ತೆ, ಇಪ್ಪತ್ತು ನಿಮಿಷ ಕೂತ್ಕೊಳ್ಳಿ. ತೋಟದ ಪಕ್ಕದಲ್ಲೇ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ. ಹಳೇ ಥರದ ಕಟ್ಟಡ, ಗಾಜಿನ ಪೆಟ್ಟಿಗೆಗಳು, ಆದ್ರೆ ಇಲ್ಲಿರೋ ಡೋಡೊ ಅನ್ನೋ ಅಳಿದುಹೋದ ಹಕ್ಕಿಯ ಎಲುಬಿನ ಗೂಡು ಪ್ರಪಂಚದಲ್ಲೇ ಅಪರೂಪದ್ದು. ಬೇರೆ ಕಡೆ ಹಲವು ಹಕ್ಕಿಗಳ ಮೂಳೆ ಸೇರಿಸಿ ನಿಲ್ಸಿರ್ತಾರೆ, ಇದು ಒಂದೇ ಹಕ್ಕಿದು, ಎತಿಯೆನ್ ತಿರಿಯೂ ಅನ್ನೋ ಹವ್ಯಾಸಿ ಸಂಗ್ರಾಹಕ 1900ರ ದಶಕದ ಮೊದಲ ವರ್ಷಗಳಲ್ಲಿ ಹುಡುಕಿದ್ದು. ಡಚ್ಚರು 1598ರಲ್ಲಿ ದ್ವೀಪಕ್ಕೆ ಬಂದ್ರು, ಅವರ ಜೊತೆ ಇಲಿ, ಹಂದಿ, ಕೋತಿ ಬಂದ್ವು, ನೆಲದ ಮೇಲೆ ಮೊಟ್ಟೆ ಇಡೋ ಹಕ್ಕಿ ನೂರು ವರ್ಷದೊಳಗೆ ಮುಗಿದುಹೋಯ್ತು.

ಹೆಜ್ಜೆ 6: ಬಿಸಿಲಿನ ಹೊತ್ತಿಗೆ ಬ್ಲೂ ಪೆನ್ನಿ

ಎರಡು ಗಂಟೆ ಬಿಸಿಲನ್ನ ವಾಟರ್‌ಫ್ರಂಟ್‌ನ ಬ್ಲೂ ಪೆನ್ನಿ ಮ್ಯೂಸಿಯಂ ಒಳಗೆ ಕಳೀರಿ. 1847ರಲ್ಲಿ ಇಲ್ಲಿ ಛಾಪಿಸಿದ ಎರಡು ಸ್ಟಾಂಪುಗಳು, ಒಂದು ಪೆನ್ನಿಯ ಕಿತ್ತಳೆಗೆಂಪು, ಎರಡು ಪೆನ್ಸಿನ ನೀಲಿ, ತಲಾ 500 ಮಾತ್ರ ಮಾಡಿದ್ದು. ಗವರ್ನರ್ ಹೆಂಡತಿ ಲೇಡಿ ಗಾಮ್ ತಮ್ಮ ಪಾರ್ಟಿಗೆ ಕರೆಯೋ ಕಾಗದಗಳಿಗೆ ಇವನ್ನೇ ಅಂಟಿಸಿದ್ರು. ಇಲ್ಲಿನ ಬ್ಯಾಂಕು, ಕಂಪನಿಗಳು ಸೇರ್ಕೊಂಡು 1993ರಲ್ಲಿ ಹರಾಜಲ್ಲಿ ಕೊಂಡು ದೇಶಕ್ಕೆ ವಾಪಸ್ ತಂದ್ರು. ಬಣ್ಣ ಮಾಸಬಾರದು ಅಂತ ಅಸಲಿ ಸ್ಟಾಂಪಿಗೆ ಗಂಟೆಗೊಂದ್ಸಲ ಹತ್ತು ನಿಮಿಷ ಮಾತ್ರ ಲೈಟ್ ಹಾಕ್ತಾರೆ, ಉಳಿದ ಹೊತ್ತು ನಕಲು. ಟಿಕೆಟ್ ತಗೊಳ್ಳೋವಾಗಲೇ ಮುಂದಿನ ಲೈಟ್ ಎಷ್ಟೊತ್ತಿಗೆ ಅಂತ ಕೇಳಿ, ಅದಕ್ಕೆ ತಕ್ಕ ಹಾಗೆ ಉಳಿದ ಕೋಣೆ ನೋಡ್ಕೊಳ್ಳಿ.

ಹೆಜ್ಜೆ 7: ಕೋಟೆ, ಆಮೇಲೆ ಕುದುರೆ ಮೈದಾನ

ಮೂರೂವರೆ ಒಳಗೆ ಟ್ಯಾಕ್ಸಿ ಹಿಡಿದು ಸಿತಾದೆಲ್‌ಗೆ ಅಂದ್ರೆ ಅಡಿಲೇಡ್ ಕೋಟೆಗೆ ಹತ್ತಿ, ದರ ಮೊದಲೇ ಮಾತಾಡಿ. ಹತ್ತಕ್ಕೆ ಟ್ಯಾಕ್ಸಿ, ಇಳಿಯಕ್ಕೆ ಕಾಲು, ಇದು ನನ್ನ ಲೆಕ್ಕ. ಕೋಟೆ ಕಟ್ಟಕ್ಕೆ ಶುರು ಮಾಡಿದ್ದು 1834ರಲ್ಲಿ, ಅಟ್ಲಾಸ್ ಹಡಗು ಬಂದ ವರ್ಷವೇ. ಒಳಗೆ ನೋಡೋದು ಕಮ್ಮಿ, ಗೋಡೆ ಮೇಲೆ ನಿಲ್ಲಿ. ಒಂದು ಕಡೆ ಬಂದರು, ಬೆಳಗ್ಗೆ ನಿಂತಿದ್ದ ಘಾಟ್ ಇರೋ ದಡ, ಮಸೀದಿ, ಮಾರ್ಕೆಟ್ ಬೀದಿ ಎಲ್ಲ ಒಂದೇ ನೋಟಕ್ಕೆ ಸಿಗತ್ತೆ. ಇನ್ನೊಂದು ಕಡೆ ಬೆಟ್ಟದ ಸಾಲು, ಹೆಬ್ಬೆರಳ ಹಾಗೆ ಎದ್ದಿರೋದು ಲೆ ಪೂಸ್. ಅದರ ಕೆಳಗೆ ಹಸಿರು ಉಂಗುರದ ಹಾಗೆ ಶಾಂ ದ ಮಾರ್ಸ್ ಅನ್ನೋ ಕುದುರೆ ಮೈದಾನ.

ಇಳಿದು ಅಲ್ಲಿಗೇ ನಡೀರಿ. 1812ರಿಂದ ಇಲ್ಲಿ ಕುದುರೆ ರೇಸ್ ನಡೀತಿದೆ. 1968ರ ಮಾರ್ಚ್ 12ಕ್ಕೆ ಬ್ರಿಟಿಷ್ ಬಾವುಟ ಇಳಿಸಿ ಮಾರಿಷಸ್ ಬಾವುಟ ಏರಿಸಿದ್ದೂ ಇದೇ ಮೈದಾನದಲ್ಲಿ. ರೇಸ್ ಇಲ್ಲದ ದಿನ ಸಂಜೆ ಊರವ್ರು ವಾಕಿಂಗ್ ಮಾಡ್ತಿರ್ತಾರೆ. ಮೈದಾನದಲ್ಲಿ ಒಂದು ಕಲ್ಲಿನ ಸ್ತಂಭ ಇದೆ, ಫ್ರೆಂಚ್ ಗವರ್ನರ್ ಮಲಾರ್ತಿಕ್ ಸಮಾಧಿ. ಗೈಡ್ ಜೊತೆಗಿದ್ರೂ ಇದನ್ನ ಬಿಟ್ಟುಬಿಡ್ತಾರೆ, ನೀವೇ ಹುಡ್ಕೊಂಡು ಹೋಗಿ.

1798ರ ಜನವರಿಯಲ್ಲಿ ಟಿಪ್ಪು ಸುಲ್ತಾನ್ ಕಳಿಸಿದ ಇಬ್ಬರು ರಾಯಭಾರಿಗಳು ಈ ಊರಿಗೆ ಬಂದಿಳಿದ್ರು, ಬ್ರಿಟಿಷರ ವಿರುದ್ಧ ಫ್ರೆಂಚ್ ಸೈನ್ಯ ಬೇಕು ಅಂತ. ವಿಷಯ ಗುಟ್ಟಾಗಿರ್ಬೇಕಿತ್ತು. ಮಲಾರ್ತಿಕ್ ಹತ್ರ ಕೊಡಕ್ಕೆ ಸೈನ್ಯ ಇರ್ಲಿಲ್ಲ, ಜನವರಿ 30ಕ್ಕೆ ಬಹಿರಂಗ ಪ್ರಕಟಣೆ ಹೊರಡಿಸಿಬಿಟ್ರು, ಟಿಪ್ಪು ಕಡೆ ಹೋರಾಡೋರು ಬಂದು ಹೆಸರು ಕೊಡಿ ಅಂತ. ಸೇರಿದ್ದು ನೂರರ ಆಸುಪಾಸು ಜನ, ಏಪ್ರಿಲ್‌ನಲ್ಲಿ ಮಂಗಳೂರಲ್ಲಿ ಇಳಿದ್ರು. ಆ ಪ್ರಕಟಣೆ ಮಾತ್ರ ಕಲ್ಕತ್ತಾದ ಪೇಪರ್‌ವರೆಗೂ ಹೋಯ್ತು, ಬ್ರಿಟಿಷ್ ಗವರ್ನರ್ ಜನರಲ್ ವೆಲ್ಲೆಸ್ಲಿ ಕೈಗೆ ಯುದ್ಧಕ್ಕೆ ಬೇಕಾದ ನೆಪ ಸಿಕ್ತು. 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಮಲಾರ್ತಿಕ್ ಅದರ ಮರುವರ್ಷ ಇಲ್ಲೇ ತೀರ್ಕೊಂಡ್ರು.

ಅಮ್ಮನಿಗೆ ಈ ಕಥೆ ಹೇಳಿ ಮುಗ್ಸೋ ಹೊತ್ತಿಗೆ ಬಿಸಿಲು ಬೆಟ್ಟದ ತುದಿಗೆ ಏರಿತ್ತು. ನಾವಿಬ್ರೂ ಸ್ತಂಭದ ಸುತ್ತ ಒಂದು ಸುತ್ತು ಬಂದ್ವಿ, ಹುಡುಗರು ಫುಟ್‌ಬಾಲ್ ಆಡ್ತಿದ್ರು, ಚೆಂಡು ಬಂದು ಕಟ್ಟೆಗೆ ಬಡಿದು ವಾಪಸ್ ಹೋಯ್ತು. ಇಲ್ಲಿಂದ ವಿಕ್ಟೋರಿಯಾ ಸ್ಟೇಷನ್‌ಗೆ ಪೋಪ್ ಹೆನೆಸ್ಸಿ ಸ್ಟ್ರೀಟ್ ಹಿಡಿದು ಇಳಿದ್ರೆ ಇಪ್ಪತ್ತೈದು ನಿಮಿಷ, ಐದು ಗಂಟೆ ರಶ್‌ಗೆ ಮುಂಚೆ ಮೆಟ್ರೋ ಹತ್ತಿದ್ರೆ ಸೀಟು ಸಿಗತ್ತೆ.